ಬೆಂಡಿನ ಬೆಂಕಿ, ಬಚ್ಚಲ ಹೊಗೆ

ದೀಪಾವಳಿಯ ಹಿಂದಿನ ಸಂಜೆ ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಮನೆಗಳಲ್ಲಿ ಎಲ್ಲರ ಓಡಾಟ ಬಚ್ಚಲ ಕಡೆಗೆ. ಅಂದು ನೀರು ತುಂಬುವ ಹಬ್ಬ. ವರ್ಷವಿಡೀ ಮಸಿ ಮೆತ್ತಿಕೊಂಡ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗುತ್ತಾರೆ. ಮೈಗೆ ಕೆಮ್ಮಣ್ಣು, ಸುಣ್ಣದ ಪಟ್ಟೆ. ಕೊರಳಿಗೆ ಹಿಂಡಲಕಾಯಿ ಬಳ್ಳಿ. ಹೊಸ ನೀರು ತಂದು ತುಂಬಿ, ಪೂಜೆ ಮಾಡಿ, ಮರುದಿನ ನಸುಕಿನ ಎಣ್ಣೆಸ್ನಾನಕ್ಕೆ ಒಲೆ ಹೊತ್ತಿಸುತ್ತಾರೆ.

ಹೊತ್ತಿಸಿದ ಐದು ನಿಮಿಷಕ್ಕೆ ಬಚ್ಚಲ ತುಂಬ ಹೊಗೆ.

ಎಣ್ಣೆ ಹಚ್ಚಿಸಿಕೊಂಡು ಕೂತ ಮಕ್ಕಳು ಕಣ್ಣುಜ್ಜಿಕೊಂಡು ಹೊರಗೋಡುತ್ತವೆ. ಊದುಕೊಳವೆ ಹಿಡಿದ ಹೆಂಗಸು ಕೆಮ್ಮುತ್ತಲೇ ಊದುತ್ತಾಳೆ. ಹಂಡೆ ಫಳಫಳ ಹೊಳೆಯುತ್ತಿರುತ್ತದೆ. ಅದರ ಬೆನ್ನಿಗೆ ಗೋಡೆಯಲ್ಲಿ ನಿಂತ ಹೊಗೆಕೊಳವೆಯನ್ನು ಮಾತ್ರ ಆ ಸಂಜೆ ಯಾರೂ ಮುಟ್ಟಿರುವುದಿಲ್ಲ. ಹೊಸ ಒಲೆ ಕಟ್ಟಿಸಬೇಕು, ಇಲ್ಲವೇ ಕರೆಂಟಿನ ಗೀಸರ್ ಹಾಕಿಸಬೇಕು ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಖರ್ಚು ಬೇಕೇ ಇಲ್ಲ. ಬೇಕಾದದ್ದು ಒಂದು ಬಿದಿರು ಗಳ, ಒಂದು ಹಿಡಿ ತೆಂಗಿನ ನಾರು, ಅರ್ಧ ದಿನದ ಬಿಡುವು.

ಈ ಸೀಮೆಯಲ್ಲಿ ಹಬ್ಬ ಬರುವ ಹೊತ್ತಿಗೇ ಮೆಕ್ಕೆಜೋಳದ ಕೊಯ್ಲೂ ಬರುತ್ತದೆ. ಮುಂಗಾರಿಗೆ ಬಿತ್ತಿದ್ದು ಅಕ್ಟೋಬರ್, ನವೆಂಬರ್ ಹೊತ್ತಿಗೆ ತೆನೆ ಮುರಿಯಲು ಸಿದ್ಧವಾಗಿರುತ್ತದೆ. ಶಿರಾಳಕೊಪ್ಪದ ಸುತ್ತಮುತ್ತ ರಸ್ತೆಯ ಅರ್ಧ ಭಾಗ ಹಳದಿ ಕಾಳಿಗೆ ಬಿಟ್ಟುಕೊಟ್ಟಂತೆ ಇರುತ್ತದೆ. ಆನವಟ್ಟಿ ದಾಟಿ ಹಾನಗಲ್ ಕಡೆ ಮುಖ ಮಾಡಿದರೆ ಬೆಳೆಯ ಹೆಸರೂ ಬದಲಾಗಿ ಗೋವಿನಜೋಳ ಆಗುತ್ತದೆ. ಕಾಳು ಬಿಡಿಸುವ ಮಷಿನ್ ಬಂದು ಹೋದ ಮೇಲೆ ಕಾಳು ಚೀಲ ಸೇರುತ್ತದೆ, ತೆನೆಯ ನಡುವಿನ ಬೆಂಡು ಕಣದಲ್ಲಿ ರಾಶಿ ಬೀಳುತ್ತದೆ. ಒಂದು ಕ್ವಿಂಟಲ್ ಕಾಳಿಗೆ ಹೆಚ್ಚುಕಡಿಮೆ 20 ಕಿಲೊ ಬೆಂಡು. ಎಕರೆಗೆ 20 ಕ್ವಿಂಟಲ್ ಕಾಳು ಬಂದರೆ 4 ಕ್ವಿಂಟಲ್ ಬೆಂಡು ಬಂದ ಹಾಗೆ. ಕೈಗೆ ಹಗುರ, ಹಿಡಿಯಲು ಹದ, ಕೊಡಲಿ ಬೇಡ, ಕಾಡಿಗೆ ಹೋಗಬೇಕಿಲ್ಲ. ಸೊರಬದ ತೋಟದ ಮನೆಗಳಲ್ಲಿ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆಗೆ ಇದ್ದ ಜಾಗವನ್ನು ಬಯಲು ಹೊಲದ ಮನೆಗಳಲ್ಲಿ ಬೆಂಡು ಹಿಡಿದಿದೆ.

ಅಡುಗೆಮನೆಗೆ ಗ್ಯಾಸ್ ಬಂದಾಯಿತಲ್ಲ, ಇನ್ನೂ ಒಲೆಯ ಮಾತೇಕೆ ಎಂದು ಪೇಟೆಯವರು ಕೇಳಬಹುದು. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಹಳ್ಳಿಗಳ ಅಡುಗೆಮನೆ ಬದಲಾದದ್ದು ನಿಜ. ಬಚ್ಚಲು ಅಷ್ಟು ಬದಲಾಗಲಿಲ್ಲ. ಅದಕ್ಕೆ ಕಾರಣ ಒಂದು ಸರಳ ಲೆಕ್ಕ. 40 ಲೀಟರಿನ ಹಂಡೆಯ ನೀರನ್ನು ಚಳಿಗಾಲದ 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 1,000 ಕಿಲೊಕ್ಯಾಲೊರಿ ಶಾಖ ಬೇಕು. ಒಲೆಯಲ್ಲಿ ಸೋರಿಹೋಗುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ 14.2 ಕಿಲೊದ ಒಂದು ಸಿಲಿಂಡರ್ ಸುಮಾರು ಎಂಬತ್ತು ಹಂಡೆ ನೀರು ಕಾಯಿಸುತ್ತದೆ. ದಿನಕ್ಕೆ ಎರಡು ಹಂಡೆ ಬೇಕಾದ ತುಂಬಿದ ಮನೆಯಲ್ಲಿ ಒಂದು ಸಿಲಿಂಡರ್ ಬರೀ ಸ್ನಾನಕ್ಕೇ ನಲವತ್ತು ದಿನಕ್ಕೆ ಖಾಲಿ. ಹಿತ್ತಲಲ್ಲಿ ಬೆಂಡಿನ ರಾಶಿ ಬಿದ್ದಿರುವಾಗ ಯಾವ ಮನೆಯವರು ಇದಕ್ಕೆ ಒಪ್ಪುತ್ತಾರೆ?

ಇದೇ ಲೆಕ್ಕವನ್ನು ಬೆಂಡಿಗೆ ಹಚ್ಚಿ ನೋಡಬೇಕು. ಚೆನ್ನಾಗಿ ಒಣಗಿದ ಒಂದು ಕಿಲೊ ಬೆಂಡಿನಲ್ಲಿ ಸುಮಾರು 4,000 ಕಿಲೊಕ್ಯಾಲೊರಿ ಶಾಖ ಇದೆ. ಅಂದರೆ ಒಂದು ಹಂಡೆಗೆ ಕಾಲು ಕಿಲೊ ಬೆಂಡು ಸಾಕು. ಇದು ಕಾಗದದ ಮೇಲಿನ ಮಾತು. ಮೂರು ಕಲ್ಲಿನ ಬಯಲು ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಶಾಖ ಮಾತ್ರ ನೀರಿಗೆ ಸೇರುತ್ತದೆ. ಅಲ್ಲಿ ಒಂದೂಮುಕ್ಕಾಲರಿಂದ ಎರಡೂವರೆ ಕಿಲೊ ಉರಿಸಬೇಕು. ನೂರಕ್ಕೆ ನಲವತ್ತು ಸೇರುವ ಒಲೆಯಾದರೆ 625 ಗ್ರಾಮಿಗೆ ಕೆಲಸ ಮುಗಿಯಿತು. ಒಂದು ಬುಟ್ಟಿ ಬೆಂಡು ಸುಡುವ ಮನೆಗೂ ಮೂರು ಬುಟ್ಟಿ ಸುಡುವ ಮನೆಗೂ ಇರುವ ವ್ಯತ್ಯಾಸ ಇದು. ಹೊಗೆಯ ವ್ಯತ್ಯಾಸವೂ ಇದೇ.

ನಲವತ್ತು ಎಂಬುದು ಗಾಳಿಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕೆಂಬ ಹಟ ಅದರದ್ದು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗದ ಊರಾಯಿತು. 1980ರ ದಶಕದ ಆರಂಭಕ್ಕೆ ಕೇಂದ್ರದ ವಿಜ್ಞಾನಿಗಳು ರೂಪಿಸಿದ ಮೂರು ಪಾತ್ರೆಯ ಒಲೆ ಅಸ್ತ್ರ ಒಲೆ ಎಂದೇ ಹೆಸರಾಯಿತು. ಪ್ರಯೋಗಾಲಯದಲ್ಲಿ ಅದು ನೂರಕ್ಕೆ ನಲವತ್ತರ ಆಸುಪಾಸು ಶಾಖವನ್ನು ಪಾತ್ರೆಗೆ ತಲುಪಿಸಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ರಾಜ್ಯದ ಹಳ್ಳಿಹಳ್ಳಿಗೆ ಒಯ್ದಿತು. ಒಲೆ ಕಟ್ಟುವುದನ್ನು ಕಲಿತ ಗಾರೆಯವರು ಊರೂರು ತಿರುಗಿದರು.

ಅದರ ಒಳಗುಟ್ಟು ಮೂರೇ. ಉರುವಲು ಮುಚ್ಚಿದ ಗೂಡಿನಲ್ಲಿ, ಕಬ್ಬಿಣದ ಜಾಲರಿಯ ಮೇಲೆ ಉರಿಯಬೇಕು. ಬೂದಿ ಕೆಳಗೆ ಉದುರಿ ಗಾಳಿ ಮೇಲೇರಬೇಕು. ಪಾತ್ರೆ ಒಲೆಯ ಬಾಯಿಗೆ ಬಿಗಿಯಾಗಿ ಕೂರಬೇಕು, ಸಂದಿಯಲ್ಲಿ ಬೆಂಕಿಯೂ ಹೊಗೆಯೂ ಹೊರಬರಬಾರದು. ಕೊನೆಗೆ, ಶಾಖವನ್ನೆಲ್ಲ ಪಾತ್ರೆಗೆ ಕೊಟ್ಟು ಮುಗಿಸಿದ ಹೊಗೆ ಕೊಳವೆಯಲ್ಲಿ ಮೇಲೆ ಹೋಗಬೇಕು. ಒಳಗೆ ಬರುವ ಗಾಳಿ ಕಮ್ಮಿಯಾದರೆ ಉರುವಲು ಅರೆಬೆಂದು ಹೊಗೆ. ಹೆಚ್ಚಾದರೆ ಆ ಗಾಳಿಯೇ ಶಾಖವನ್ನು ಹೊತ್ತುಕೊಂಡು ಆಕಾಶಕ್ಕೆ. ಹೊಗೆ ಹೋಗಲು ದಾರಿ ಕೊಡುವ ಯೋಚನೆ ಅಸ್ತ್ರಕ್ಕೂ ಹಳೆಯದು. ಹೈದರಾಬಾದಿನ ಎಸ್.ಪಿ. ರಾಜು 1950ರ ದಶಕದಲ್ಲೇ ಹೊಗೆಯಿಲ್ಲದ ಅಡುಗೆಮನೆ ಕೋಟ್ಯಂತರ ಜನರಿಗೆ ಸಿಗಬೇಕೆಂದು ಬರೆದಿದ್ದರು. ಬಚ್ಚಲ ಹಂಡೆಯ ಒಲೆಗೂ ಈ ಮೂರೇ ಸೂತ್ರ.

ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಲ್ಲಿ ಶುರುವಾಗಿ 2002ರಲ್ಲಿ ನಿಂತಿತು. ದೇಶದಲ್ಲಿ ಕೋಟಿಗಟ್ಟಲೆ ಒಲೆಗಳನ್ನು ಕಟ್ಟಿದರು. ಎಷ್ಟೋ ಒಲೆಗಳು ಕೆಲವೇ ವರ್ಷಕ್ಕೆ ಮೂಲೆ ಸೇರಿದವು. ಒಡೆದು ಹಳೆಯ ಒಲೆಯನ್ನೇ ಕಟ್ಟಿಕೊಂಡ ಮನೆಗಳೂ ಇದ್ದವು. ಒಲೆ ಕಟ್ಟಿದವರ ಲೆಕ್ಕ ಕಡತಕ್ಕೆ ಹೋಯಿತು. ಕಟ್ಟಿದ ಒಲೆಯ ಕೊಳವೆಯನ್ನು ತಿಂಗಳಿಗೊಮ್ಮೆ ಗುಡಿಸುವವರು ಯಾರು, ಯಾವುದರಿಂದ, ಹೇಗೆ ಎಂಬುದನ್ನು ಕೂತು ಹೇಳಿಕೊಟ್ಟವರು ಕಮ್ಮಿ. ಬೂದಿ ಬಳಿಯುವ, ಮಸಿ ತೆಗೆಯುವ ಕೆಲಸ ಹೆಂಗಸರ ಪಾಲಿಗೆ ಬಂತು. ಕೊಳವೆಯ ತುದಿ ಇರುವುದು ಮಾಡಿನ ಮೇಲೆ; ಏಣಿ ಹತ್ತುವ ಕೆಲಸ ಗಂಡಸರದ್ದು. ಇಬ್ಬರ ನಡುವೆ ಕೊಳವೆ ಕಟ್ಟಿಕೊಂಡಿತು.

ಬೆಂಡಿನ ವಿಷಯಕ್ಕೆ ಬಂದರೆ, ಕಟ್ಟಿಗೆಗೆ ಕಟ್ಟಿದ ಒಲೆಯಲ್ಲಿ ಬೆಂಡು ಉರಿಸುವಾಗ ಬೇರೆಯೇ ತಕರಾರುಗಳು ಹುಟ್ಟುತ್ತವೆ. ಬೆಂಡು ಭಗ್ಗನೆ ಹೊತ್ತಿಕೊಳ್ಳುತ್ತದೆ. ಅದರ ಬಹುಪಾಲು ಬಿಸಿ ತಾಗುತ್ತಲೇ ಅನಿಲವಾಗಿ ಹೊರಟು ಉದ್ದ ಜ್ವಾಲೆಯಾಗುತ್ತದೆ. ಕೆಂಡವಾಗಿ ನಿಲ್ಲುವ ಪಾಲು ಸಣ್ಣದು. ಸೌದೆಯ ಕೊಳ್ಳಿಯಂತೆ ಒಮ್ಮೆ ಒಟ್ಟಿ ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಅದು ಬೇಸರವಾಗಿ ಬುಟ್ಟಿಗಟ್ಟಲೆ ಒಮ್ಮೆಲೇ ತುರುಕಿದರೆ ಅಷ್ಟು ಅನಿಲ ಸುಡಲು ಬೇಕಾದ ಗಾಳಿ ಒಳಗಿರುವುದಿಲ್ಲ. ಸುಡದೆ ಉಳಿದ ಅನಿಲವೇ ಆ ಕಪ್ಪು, ಕಣ್ಣು ಕಡಿಯುವ ಹೊಗೆ. ಐದಾರು ಬೆಂಡು ಹಾಕಿ, ಅವು ಇಳಿದ ಮೇಲೆ ಮತ್ತೆ ಐದಾರು ಹಾಕುವುದು ಬೆಂಡಿನ ಪದ್ಧತಿ. ಜೊತೆಗೆ ಒಂದೆರಡು ಗಟ್ಟಿ ಸೌದೆ ಇಟ್ಟರೆ ಕೆಂಡ ನಿಲ್ಲುತ್ತದೆ.

ಇನ್ನೊಂದು ತಕರಾರು ಬೂದಿಯದ್ದು. ಬೆಂಡಿನ ಬೂದಿ ಸ್ವಲ್ಪವೇ. ಆದರೆ ಅದರಲ್ಲಿ ಪೊಟ್ಯಾಶ್ ಜಾಸ್ತಿ, ಜೊತೆಗೆ ಮರಳಿನ ಅಂಶವಾದ ಸಿಲಿಕಾ. ಈ ಎರಡೂ ಸೇರಿ ಕೆಂಡದ ಕಾವಿಗೆ ಮೆತ್ತಗಾಗಿ, ಆರಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತವೆ. ಕಟ್ಟಿಗೆಯ ಬೂದಿಯಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಕಮ್ಮಾರರು ಕುಲುಮೆಯಲ್ಲಿ ಕಟ್ಟುವ ಗಟ್ಟಿಗೆ ಕಿಟ್ಟ ಅನ್ನುತ್ತಾರೆ. ಜಾಲರಿಯ ಕಂಬಿಗಳ ನಡುವೆ ಕಟ್ಟಿಕೊಳ್ಳುವ ಈ ಬೂದಿಗಲ್ಲಿಗೂ ಅದೇ ಹೆಸರು ಒಪ್ಪುತ್ತದೆ. ಕಿಟ್ಟ ಕಟ್ಟಿದ ಜಾಲರಿಯಲ್ಲಿ ಗಾಳಿ ಮೇಲೇರುವುದಿಲ್ಲ. ಹೊರಗೆ ನೋಡಿದರೆ ಒಲೆ ಸರಿಯಾಗಿಯೇ ಕಾಣುತ್ತದೆ, ಬೆಂಕಿ ಮಾತ್ರ ಮಂಕು.

ಈ ಕಿಟ್ಟದ ಕಾಟ ಚೆನ್ನಾಗಿ ಗೊತ್ತಿರುವವರು ಅಮೆರಿಕದ ಮೆಕ್ಕೆಜೋಳ ಸೀಮೆಯವರು. ಅಲ್ಲಿ ಬೆಂಡನ್ನಲ್ಲ, ಕಾಳನ್ನೇ ಸುಟ್ಟು ಮನೆ ಬಿಸಿ ಮಾಡುವ ಒಲೆಗಳಿವೆ. ಕಾಳಿನ ಬೆಲೆ ಬಿದ್ದು, ಇಂಧನದ ಬೆಲೆ ಏರಿದಾಗಲೆಲ್ಲ ಅವಕ್ಕೆ ಬೇಡಿಕೆ. 2005ರಲ್ಲಿ ಕತ್ರಿನಾ ಚಂಡಮಾರುತದ ನಂತರ ಅನಿಲದ ಬೆಲೆ ಏರಿದಾಗ ಜನ ಮುಗಿಬಿದ್ದು ಕೊಂಡರು. ಎಥನಾಲ್ ಬಂದು ಜೋಳದ ಬೆಲೆ ಏರಿದ ಮೇಲೆ ಹಿಂದೆ ಸರಿದರು. ಕರೆಂಟಿನ ತಿರುಪು ಕಾಳನ್ನು ಸ್ವಲ್ಪಸ್ವಲ್ಪವೇ ಒಳಗೆ ನೂಕುತ್ತದೆ, ಪುಟ್ಟ ಫ್ಯಾನು ಗಾಳಿ ಊದುತ್ತದೆ. ಇಷ್ಟೆಲ್ಲ ಇದ್ದರೂ ಅವರ ದಿನದ ಮೊದಲ ಕೆಲಸ ಉರಿಬಟ್ಟಲಿನಿಂದ ಕಿಟ್ಟದ ಬಿಲ್ಲೆಯನ್ನು ಇಕ್ಕಳದಲ್ಲಿ ಎತ್ತಿ ಬಿಸಾಡುವುದು. ಕಿಟ್ಟ ಕಮ್ಮಿಯಾಗಲೆಂದು ಕಾಳಿಗೆ ಚಿಪ್ಪಿನ ಪುಡಿ, ಸುಣ್ಣಕಲ್ಲಿನ ಪುಡಿ ಬೆರೆಸುವವರೂ ಇದ್ದಾರೆ. ಕಾಳಿನ ತೇವ ನೂರಕ್ಕೆ ಹದಿನೈದು ದಾಟಿದರೆ ಅವರ ಒಲೆಯೂ ಹೊಗೆಯಾಡುತ್ತದೆ, ಒಲೆಬಾಗಿಲ ಗಾಜು ಕಪ್ಪಾಗುತ್ತದೆ. ಕಾಳು ಸುಡುವುದು ನಮ್ಮ ಕಡೆಯವರ ಮನಸ್ಸಿಗೆ ಒಗ್ಗುವ ಮಾತಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400 ಇತ್ತು. ಆ ದರವೂ ಕೈಗೆ ಸಿಗದೆ ರೈತರು ಬೀದಿಗಿಳಿದ ವರ್ಷದಲ್ಲೂ ಯಾರೂ ಕಾಳನ್ನು ಒಲೆಗೆ ಹಾಕಲಿಲ್ಲ. ಆದರೆ ಅಮೆರಿಕದವರು ಕಲಿತ ಎರಡು ಪಾಠ ನಮ್ಮ ಬೆಂಡಿಗೂ ಹೊಂದುತ್ತವೆ: ತೇವ ಬಿಡಬೇಡಿ, ಕಿಟ್ಟ ಉಳಿಸಬೇಡಿ.

ತೇವ ನೋಡಲು ಯಂತ್ರ ಬೇಡ. ಬೆಂಡನ್ನು ಎರಡೂ ಕೈಯಲ್ಲಿ ಹಿಡಿದು ಮುರಿದರೆ ಚಟ್ಟನೆ ಮುರಿಯಬೇಕು. ಬಾಗಿ, ನಾರು ನಾರಾಗಿ ಹರಿದರೆ ಇನ್ನೂ ಹಸಿ. ಕಾಳು ಬಿಡಿಸಿದ ದಿನವೇ ಬೆಂಡು ಒಲೆಗೆ ಹಾಕುವ ಮನೆಗಳಲ್ಲಿ ಹೊಗೆ ತಪ್ಪಿದ್ದಲ್ಲ. ಬೆಂಡಿನ ನಡುವಿನ ಮೆತ್ತನೆಯ ತಿರುಳು ಸ್ಪಂಜಿನಂತೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ. ನವೆಂಬರಿನ ಇಬ್ಬನಿಗೆ ಬಯಲಲ್ಲಿ ಬಿಟ್ಟ ರಾಶಿ ಹಗಲು ಒಣಗಿದ್ದನ್ನು ರಾತ್ರಿ ವಾಪಸ್ ಹೀರುತ್ತದೆ. ಒಂದಿಷ್ಟು ದಿನ ತೆಳ್ಳಗೆ ಹರಡಿ ಬಿಸಿಲು ತೋರಿಸಿ, ಸಂಜೆ ಮುಚ್ಚಿ, ಆಮೇಲೆ ಗೋಣಿಚೀಲಕ್ಕೆ ತುಂಬಿ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಇಟ್ಟರೆ ಮಳೆಗಾಲಕ್ಕೂ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸಲು. ಒಲೆಯಿಂದ ದೂರ ಇಡಬೇಕೆಂದು ಬೇರೆ ಹೇಳಬೇಕಿಲ್ಲ. ಒಣ ಬೆಂಡಿನ ರಾಶಿಗೆ ಒಂದು ಕಿಡಿ ಸಾಕು.

ಹೊಗೆ ಯಾವಾಗ ಬರುತ್ತದೆ ಎಂದು ಗಮನಿಸಿದರೆ ರೋಗ ಎಲ್ಲಿದೆ ಎಂಬುದು ಅರ್ಧ ಗೊತ್ತಾದಂತೆ.

ಹೊತ್ತಿಸುವಾಗ ಮಾತ್ರ ಹೊಗೆ ವಾಪಸ್ ಬಂದು ಆಮೇಲೆ ಸರಿಹೋದರೆ ಒಲೆಯಲ್ಲಿ ದೋಷವಿಲ್ಲ, ಕೊಳವೆ ತಣ್ಣಗಿದೆ ಅಷ್ಟೇ. ಬಿಸಿ ಗಾಳಿ ಹಗುರ, ಮೇಲೇರುತ್ತದೆ; ಅದರ ಹಿಂದೆ ಹೊಸ ಗಾಳಿ ಒಲೆಯ ಬಾಯಿಂದ ಒಳಗೆ ಬರುತ್ತದೆ. ಕೊಳವೆಯ ಎಳೆತ ಅಂದರೆ ಇದೇ. ಚಳಿಗಾಲದ ನಸುಕಿನಲ್ಲಿ ಕೊಳವೆಯೊಳಗೆ ತಣ್ಣನೆ ಭಾರದ ಗಾಳಿ ಬಿರಡೆಯಂತೆ ಕೂತಿರುತ್ತದೆ. ಕೊಳವೆಯ ಬುಡದ ಹತ್ತಿರ ಒಂದು ಹಿಡಿ ಒಣ ಸೋಗೆಯನ್ನೋ ತೆಂಗಿನ ಗರಿಯನ್ನೋ ಮೊದಲು ಉರಿಸಿದರೆ ಆ ಬಿರಡೆ ಕಳಚುತ್ತದೆ. ಬೆಂಡು ಆಮೇಲೆ.

ಮೊದಲಿಂದ ಕೊನೆಯವರೆಗೂ ಹೊಗೆಯಾದರೆ ಕೊಳವೆ ಕಟ್ಟಿದೆ, ಇಲ್ಲವೇ ಜಾಲರಿ. ಮೊದಲು ಜಾಲರಿ ನೋಡಬೇಕು, ಅದು ಸುಲಭ. ಕೆಳಗಿನ ಬೂದಿಗೂಡು ಜಾಲರಿಯ ಮಟ್ಟಕ್ಕೆ ತುಂಬಿದ್ದರೆ ಗಾಳಿ ಬರುವುದೆಲ್ಲಿಂದ? ಬೂದಿ ಎಳೆದು, ಕಬ್ಬಿಣದ ಕಡ್ಡಿಯಿಂದ ಕಂಬಿಗಳ ಸಂದಿ ಬಿಡಿಸಿ ಮತ್ತೆ ಹೊತ್ತಿಸಿ ನೋಡಿದರೆ ಎಷ್ಟೋ ಸಲ ಅಲ್ಲಿಗೇ ಕಥೆ ಮುಗಿಯುತ್ತದೆ. ಹಂಡೆಯ ಸುತ್ತ ಗಾರೆ ಬಿರುಕು ಬಿಟ್ಟು ಅಲ್ಲಿಂದ ಹೊಗೆ ಬರುತ್ತಿದ್ದರೆ ಮಣ್ಣು, ಸಗಣಿ ಕಲಸಿ ಮೆತ್ತಿದರೆ ಸಾಕು.

ಗಾಳಿ ಬೀಸಿದಾಗ ಮಾತ್ರ ಹೊಗೆ ಕೆಳಗಿಳಿದರೆ ಕೊಳವೆ ಗಿಡ್ಡ. ಅದರ ತುದಿ ಮಾಡಿನ ನೆತ್ತಿಗಿಂತ ಎರಡಡಿಯಾದರೂ ಮೇಲಿರಬೇಕು, ತಲೆಗೆ ಟೋಪಿ ಇರಬೇಕು. ಪಕ್ಕದಲ್ಲಿ ಹಲಸೋ ಮಾವೋ ಬೆಳೆದು ಮುಚ್ಚಿದ್ದರೆ ಕೊಂಬೆ ಕಡಿಯಬೇಕು. ಹತ್ತು ವರ್ಷದ ಹಿಂದೆ ಸರಿಯಿದ್ದ ಒಲೆ ಈಗ ಕೆಡಲು ಬೆಳೆದ ಮರ ಕಾರಣ ಎಂದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಬೆಂಕಿ ಧಗಧಗ, ನೀರು ಮಾತ್ರ ಕಾಯದು. ಇದು ಇನ್ನೊಂದು ದೂರು. ಹಂಡೆಯ ತಳದಲ್ಲಿ ಮಸಿ ಪದರಗಟ್ಟಿದರೆ ಅದು ಕಂಬಳಿ ಹೊದಿಸಿದ ಹಾಗೆ, ಶಾಖ ದಾಟುವುದಿಲ್ಲ. ಹಬ್ಬಕ್ಕೆ ಹಂಡೆಯ ಕಾಣುವ ಮೈ ಬೆಳಗುತ್ತೇವೆ; ಶಾಖ ಹೀರುವುದು ಕಾಣದ ತಳ. ಒಲೆಯಿಂದ ಎತ್ತಲು ಬರುವ ಹಂಡೆಯಾದರೆ ವರ್ಷಕ್ಕೆ ಎರಡು ಸಲವಾದರೂ ಎತ್ತಿ ತಳ ಕೆರೆಯಬೇಕು. ಕೊಳವೆಯ ಎಳೆತ ವಿಪರೀತವಾಗಿ ಜ್ವಾಲೆ ಹಂಡೆಯನ್ನು ಸವರದೆ ನೇರ ಕೊಳವೆಗೆ ನುಗ್ಗುತ್ತಿದ್ದರೂ ಹೀಗಾಗುತ್ತದೆ. ಬೆಂಕಿ ಹಿಡಿದ ಮೇಲೆ ಒಲೆಯ ಬಾಯನ್ನು ಒಂದು ಹೆಂಚಿನಿಂದ ಅರ್ಧ ಮರೆ ಮಾಡಿದರೆ ಜ್ವಾಲೆ ನಿಧಾನಿಸುತ್ತದೆ.

ಕೊಳವೆಯ ಜೋಡಣೆಯಿಂದ ಗೋಡೆಯ ಮೇಲೆ ಕಪ್ಪು ನೀರು ಇಳಿಯುತ್ತಿದ್ದರೆ ಅದು ಹಸಿ ಬೆಂಡಿನ ಸಹಿ. ಹೊಗೆಯಲ್ಲಿನ ಆವಿಯೂ ಡಾಂಬರಿನಂಥ ಜಿಡ್ಡೂ ತಣ್ಣಗಿನ ಕೊಳವೆಗೆ ತಾಗಿ ನೀರಾಗಿವೆ. ಈ ಜಿಡ್ಡು ಒಣಗಿ ಹೊಳೆಯುವ ಕಪ್ಪು ಪದರವಾದರೆ ಅದೇ ಉರುವಲು. ಒಂದು ದಿನ ಬೆಂಕಿ ಜೋರಾದಾಗ ಕೊಳವೆಯೊಳಗೇ ಹೊತ್ತಿಕೊಂಡು ಗುಂಯ್ ಎಂದು ಮೊರೆಯುತ್ತದೆ. ಆಗ ಒಲೆಗೆ ನೀರು ಸುರಿಯಬಾರದು. ಹಬೆ ಮುಖಕ್ಕೆ ರಾಚುತ್ತದೆ, ಕಾದ ಕೊಳವೆ ಸೀಳುತ್ತದೆ. ಒಲೆಯ ಬಾಯಿ, ಬೂದಿಗೂಡಿನ ಬಾಯಿ ಎರಡನ್ನೂ ತಗಡಿನಿಂದಲೋ ಒದ್ದೆ ಗೋಣಿಯಿಂದಲೋ ಮುಚ್ಚಿ ಗಾಳಿ ನಿಲ್ಲಿಸಬೇಕು, ಮನೆಯವರನ್ನು ಹೊರಗೆ ಕಳಿಸಬೇಕು, ಮಾಡಿನ ಮರಮುಟ್ಟಿನ ಮೇಲೆ ಕಣ್ಣಿಡಬೇಕು.

ಹೊಗೆಯನ್ನು ಕಣ್ಣುರಿಯ ಮಾತಾಗಿ ಮಾತ್ರ ನೋಡಿದರೆ ತಪ್ಪಾಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊಗೆಯಲ್ಲಿ ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಇರುತ್ತದೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಸಣ್ಣ ಬಚ್ಚಲಲ್ಲಿ ಅದು ಸೇರಿಕೊಂಡರೆ ತಲೆನೋವು, ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು. ಮಲೆನಾಡಿನ ಹಳೆಯ ಮನೆಗಳಲ್ಲಿ ಹಂಡೆ ಗೋಡೆಯಲ್ಲಿ ಕೂತಿದ್ದು, ಒಲೆಯ ಬಾಯಿ ಹಿತ್ತಲ ಕಡೆಗೆ ತೆರೆದಿರುತ್ತದೆ. ಬೆಂಕಿ ಹೊರಗೆ, ಬಿಸಿನೀರು ಒಳಗೆ. ಕಟ್ಟಿದ ಹಿರಿಯರಿಗೆ ಅನಿಲದ ಹೆಸರು ಗೊತ್ತಿರಲಿಲ್ಲ. ಹೊಗೆಯನ್ನು ಮೀಯುವವರಿಂದ ದೂರ ಇಡಬೇಕೆಂಬುದು ಗೊತ್ತಿತ್ತು. ಆರ್‌ಸಿಸಿ ಮನೆ ಕಟ್ಟಿಸುವಾಗ ಆ ಬಾಯನ್ನು ಒಳಗೆ ತಿರುಗಿಸಿಕೊಂಡವರು ಕಿಟಕಿಯನ್ನಾದರೂ ಮುಚ್ಚದೆ ಇಡಲಿ.

ಈಚೆಗೆ ಹಂಡೆಯ ಜಾಗಕ್ಕೆ ನಡುವೆ ಕೊಳವೆಯಿರುವ ಬಾಯ್ಲರ್ ಬಂದಿದೆ. ಬೆಂಡಿಗೆ ಅದು ಚೆನ್ನಾಗಿ ಒಗ್ಗುತ್ತದೆ, ನೀರು ಬೇಗ ಕಾಯುತ್ತದೆ. ಆದರೆ ಅದರ ನಡುಗೊಳವೆ ಕಿರಿದು, ಮಸಿ ಬೇಗ ಕಟ್ಟುತ್ತದೆ. ವಾರಕ್ಕೊಮ್ಮೆ ಮೇಲಿನಿಂದ ಕುಂಚ ಇಳಿಸಬೇಕು. ಬೋರಿನ ಗಡಸು ನೀರಿನ ಊರಾದರೆ ಒಳಗೆ ಬಿಳಿ ಗಾರೆ ಕಟ್ಟುತ್ತದೆ. ನೀರಿಲ್ಲದೆ ಬೆಂಕಿ ಹಾಕಿದರೆ ಬೆಸುಗೆ ಕರಗಿ ಸೋರಲು ಶುರುವಾಗುತ್ತದೆ, ರಿಪೇರಿಗೆ ಪೇಟೆಗೆ ಹೊರಬೇಕು.

ಇನ್ನು ಕೊಳವೆ ಗುಡಿಸುವ ಕೆಲಸ. ಆನವಟ್ಟಿ ಕಡೆಯ ಒಂದು ಮನೆಯ ಹಿತ್ತಲನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಹೊಸ ಒಲೆ ಕಟ್ಟಿಸೋಣ ಎಂದು ಮೊಮ್ಮಗ ಹಟ ಹಿಡಿದಿದ್ದಾನೆ. ಅಜ್ಜಿ ಒಪ್ಪುವುದಿಲ್ಲ. "ಒಲಿ ಕೆಟ್ಟಿಲ್ಲ ತಮ್ಮಾ, ಕೊಳವಿ ಕಟ್ಟೈತಿ. ಏಣಿ ತಗಂಬಾ." ಒಲೆ ರಾತ್ರಿಯಿಂದ ಆರಿ ತಣ್ಣಗಾಗಿದೆ. ಮೂಗು ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಅವನು ಮಾಡು ಹತ್ತುವ ಮೊದಲು ಅಜ್ಜಿ ಕೊಳವೆಯ ಬುಡದಲ್ಲಿ ಮಣ್ಣು ಮೆತ್ತಿದ ಇಟ್ಟಿಗೆಯೊಂದನ್ನು ಕೀಳುತ್ತಾಳೆ. ಕಟ್ಟುವಾಗಲೇ ಇದಕ್ಕೆಂದು ಬಿಟ್ಟ ಕಿಂಡಿ ಅದು. ಒಳಗೆ ಕೈಗನ್ನಡಿ ಓರೆಯಾಗಿ ಹಿಡಿದು ಮೇಲೆ ನೋಡಿದರೆ ಕೊಳವೆಯ ತುದಿಯ ಆಕಾಶ ಕನ್ನಡಿಯಲ್ಲಿ ಕಾಣಬೇಕು. ಕಾಣುವುದು ಅಂಚು ತಿಂದುಹೋದ ನಾಣ್ಯದಷ್ಟು ಬೆಳಕು. ನಾಲ್ಕಿಂಚಿನ ಕೊಳವೆಯೊಳಗೆ ಸುತ್ತ ಅರ್ಧ ಇಂಚು ಮಸಿ ಕೂತರೆ ದಾರಿ ಮೂರಿಂಚಿಗೆ ಇಳಿಯುತ್ತದೆ. ಕಾಲು ಭಾಗ ಕಮ್ಮಿಯಾಯಿತು ಅನ್ನಿಸುತ್ತದೆ. ಹೊಗೆ ಹಾಯುವ ಜಾಗದ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ಅರ್ಧ ಹೋಯಿತು.

ಬಿದಿರು ಗಳದ ತುದಿಗೆ ತೆಂಗಿನ ನಾರನ್ನು ಕೊಳವೆಯ ಅಳತೆಗೆ ಉಂಡೆ ಕಟ್ಟಿದ್ದಾರೆ. ಗಳ ಮೋಟಾದರೆ ಹಗ್ಗಕ್ಕೆ ಕಲ್ಲು, ಕಲ್ಲಿನ ಮೇಲೆ ಗೋಣಿಯ ಉಂಡೆ. ಮೇಲಿನಿಂದ ಟೋಪಿ ತೆಗೆದು ಇಳಿಸಿ, ಎಳೆದು, ಮತ್ತೆ ಇಳಿಸುವುದು. ಮೊದಲು ಪುಡಿ ಮಸಿ ಹತ್ತಿಯಂತೆ ಉದುರುತ್ತದೆ. ಆಮೇಲೆ ಹೊಳೆಯುವ ಕಪ್ಪು ಚಕ್ಕೆಗಳು, ಅಂಚು ಚೂಪು. ಹಿಂದಿನ ವರ್ಷದ ಹಸಿ ಬೆಂಡಿನವು. ಕೊಳವೆ ಕಲ್ನಾರಿನದ್ದಾದರೆ ಒಣಗಿದ್ದಾಗ ಕೆರೆಯಬಾರದು, ಒಡೆಯಲೂಬಾರದು. ಹಳೆಯ ಒಲೆಗಳಿಗೆ ಕಲ್ನಾರು ಸಿಮೆಂಟಿನ ಪೈಪೇ ಹಾಕುತ್ತಿದ್ದರು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಹೊಗೆಗಿಂತ ಕೇಡು. ಅಂಥದ್ದನ್ನು ಮೆತ್ತನೆ ಒದ್ದೆ ಗೋಣಿಯಿಂದ ಮಾತ್ರ ಒರೆಸಿ, ಬಿರುಕು ಬಿಟ್ಟಿದ್ದರೆ ಜಿಐ ಪೈಪಿಗೆ ಬದಲಿಸಬೇಕು. ಹಂಡೆಯ ಹಿಂದಿನ ಸುರಂಗ ಮರೆಯುವಂತಿಲ್ಲ. ಹಾರುಬೂದಿ ಕೂರುವುದು ಅಲ್ಲೇ. ಕೊಳವೆ ಮಾತ್ರ ಗುಡಿಸಿ ಸುರಂಗ ಬಿಟ್ಟರೆ ಹೊಗೆ ಹೋಗದು. ಕಿಂಡಿಯೊಳಗೆ ಕೈಹಾಕಿ ಅಜ್ಜಿ ತೆಂಗಿನ ಚಿಪ್ಪಿನಲ್ಲಿ ಬಾಚಿ ಬಾಚಿ ತಗಡಿನ ಡಬ್ಬಿಗೆ ತುಂಬುತ್ತಾಳೆ.

ಡಬ್ಬಿ ತಗಡಿನದ್ದೇ ಆಗಬೇಕು, ಪ್ಲಾಸ್ಟಿಕ್ ಬಕೆಟ್ ಬೇಡ. ಬೂದಿಯಡಿ ಕೆಂಡ ಒಂದೆರಡು ದಿನ ಜೀವ ಹಿಡಿದಿರಬಲ್ಲದು. ಪೂರ್ತಿ ಆರಿದ ಮೇಲೆ ಬೆಂಡಿನ ಬೂದಿ ತೆಂಗಿಗೆ, ಬಾಳೆಗೆ, ಅಡಿಕೆಗೆ ಒಳ್ಳೆಯದು. ಜಾಲರಿಯಲ್ಲಿ ಕಿಟ್ಟ ಕಟ್ಟಿ ಕಾಡಿದ ಪೊಟ್ಯಾಶನ್ನೇ ಗಿಡ ಬೇಡುವುದು. ಯೂರಿಯಾ ಜೊತೆ ಮಾತ್ರ ಕಲಸಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಕೊಳವೆಯ ಜಿಡ್ಡು ಮಸಿ ತೋಟಕ್ಕೆ ಬೇಡ, ದೂರದ ಗುಂಡಿಗೆ.

ಮತ್ತೆ ಕನ್ನಡಿ. ಈಗ ಅದರಲ್ಲಿ ದುಂಡನೆ ಆಕಾಶ, ಪೂರ್ತಿ. ಇಟ್ಟಿಗೆ ಮುಚ್ಚಿ, ಸಗಣಿ ಮಣ್ಣು ಸವರಿ, ಕೊಳವೆಯ ಬುಡಕ್ಕೆ ಒಂದು ಹಿಡಿ ಸೋಗೆ ಉರಿಸಿ, ಆರು ಬೆಂಡು ಹಾಕುತ್ತಾಳೆ. ಮಾಡಿನ ಮೇಲೆ ಬಿಳಿ ಹೊಗೆ ಎದ್ದು, ತೆಳುವಾಗಿ, ಸ್ವಲ್ಪ ಹೊತ್ತಿಗೆ ಕಾಣದಾಗುತ್ತದೆ. ಮೊಮ್ಮಗ ಅಭ್ಯಾಸದಂತೆ ಬುಟ್ಟಿ ಎತ್ತಿ ಒಲೆಗೆ ಸುರಿಯಲು ಬಂದರೆ ಅಜ್ಜಿ ಹಂಡೆಯ ನೀರಿಗೆ ಬೆರಳದ್ದಿ ನೋಡಿ ಅವನ ಕೈ ಹಿಡಿಯುತ್ತಾಳೆ. "ಸಾಕು ಬಿಡೋ, ನೀರು ಕಾದೈತಿ. ಉಳಿದದ್ದು ನಾಳಿಗೆ ಇರ್ಲಿ."